ದಾಳಿಂಬೆ ಹೂ ಮುಡಿದ ಗಡ್ಡದವನು

ಪುಟ್ಟೀ,

ನೀನು ಕಳಿಸಿದ ಚಿತ್ರಗಳನ್ನು ನಿನ್ನೆ ರಾತ್ರಿ ನಾನು, ಅಮ್ಮ ಇಬ್ಬರೂ ಕೂತು ನೋಡಿದೆವು. ಚೀನಾದ ಹನ್ನೆರಡು ತಿಂಗಳಿಗೆ ಹನ್ನೆರಡು ಹೂದೇವತೆಗಳು. ಸೀರುಂಡೆ ಹಾಗೆ ಮುದ್ದಾಗಿವೆ. ಆದರೆ ಹನ್ನೆರಡೂ ಚೆಲುವೆಯರೇ ಅಲ್ವಾ? ಅದೊಂದೇ ನಂಗೆ ಒಪ್ಪಿಗೆಯಾಗಲಿಲ್ಲ.

ಯಾವ ಹೂವಿಗೆ ಯಾರು ಅನ್ನುವುದು ಅಲ್ಲಿ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ. ತಾವರೆಗೆ ಸುಂದರಿ ಶೀಶಿ ಇದ್ದಾಳೆ, ನಿಜ. ಸೇವಂತಿಗೆಗೆ ಮಾತ್ರ ನೌಕರಿ ಬಿಟ್ಟು ಹಳ್ಳಿಗೆ ಹೋದ ಕವಿ ಥಾವೊ ಯುವಾನ್‌ಮಿಂಗ್. ಇನ್ನು ಐದನೇ ತಿಂಗಳ ದಾಳಿಂಬೆಗೆ, ಝೊಂಗ್ ಕುಯಿ!

ಅವನ ಕತೆ ಕೇಳು. ಸರಕಾರಿ ಹುದ್ದೆಯ ಪರೀಕ್ಷೆಯಲ್ಲಿ ಗೆದ್ದರೂ ಮುಖ ವಿಕಾರ ಅಂತ ಅವನಿಗೆ ಪದವಿ ಕೊಡಲಿಲ್ಲವಂತೆ. ಅರಮನೆ ಮೆಟ್ಟಿಲಿಗೆ ತಲೆ ಚಚ್ಚಿಕೊಂಡು ಸತ್ತ. ಇಲ್ಲಿಗೆ ಬಂದಾಗಲೆಲ್ಲ ನಂಗೆ ಹೊಟ್ಟೆ ಉರಿಯುತ್ತದೆ. ಆಮೇಲೆ ಟಾಂಗ್ ವಂಶದ ಚಕ್ರವರ್ತಿ ಶುವಾನ್‌ಝೊಂಗ್ ಕಾಯಿಲೆ ಬಿದ್ದಾಗ ಕನಸಲ್ಲಿ ಬಂದು, ಕಾಡುತ್ತಿದ್ದ ಪುಟ್ಟ ದೆವ್ವವನ್ನು ಹಿಡಿದು ತಿಂದ. ಎದ್ದಾಗ ಜ್ವರ ಬಿಟ್ಟಿತ್ತು. ಚಕ್ರವರ್ತಿ ಕಲಾವಿದ ವು ದಾವೊಝಿಯನ್ನು ಕರೆಸಿ ಅವನ ಚಿತ್ರ ಬರೆಸಿದ ಅಂತ ಕತೆ.

ಚೀನೀ ಪಂಚಾಂಗದ ಐದನೇ ತಿಂಗಳಲ್ಲಿ ಸೆಕೆ ಏರುತ್ತದೆ. ಹಾವು, ಚೇಳು, ರೋಗ ಎಲ್ಲ ಜಾಸ್ತಿ. ಅದನ್ನು ವಿಷದ ತಿಂಗಳು ಅಂತಲೇ ಕರೆದರು. ದಾಳಿಂಬೆ ಅರಳುವುದೂ ಆಗಲೇ. ದೆವ್ವ ಓಡಿಸುವವನಿಗೆ ಆ ಹೂ ಸಿಕ್ಕಿದ್ದು ಹೀಗೆ. ಆ ತಿಂಗಳ ಐದನೇ ದಿನ ಮನೆಯಲ್ಲಿ ಅವನ ಚಿತ್ರ ತೂಗುಹಾಕುತ್ತಿದ್ದರು. 19ನೇ ಶತಮಾನದಲ್ಲಿ ಶಾಂಘೈಯ ಕಲಾವಿದ ರೆನ್ ಬೊನಿಯನ್ ಅವನನ್ನು ಇಂಗಳೀಕದ ಕೆಂಪಲ್ಲೇ ಬರೆದ.

ಕಪ್ಪು ಮಸಿಯಲ್ಲಿ ಬರೆದ ಅವನ ಚಿತ್ರ ಸಿಕ್ಕರೆ ಹತ್ತಿರದಿಂದ ನೋಡು. ಉಬ್ಬಿದ ಕಣ್ಣು, ಮುಳ್ಳಿನಂಥ ಗಡ್ಡ, ದಪ್ಪ ಕುಂಚದಲ್ಲಿ ಒಂದೇ ಏಟಿಗೆ ಎಳೆದ ನಿಲುವಂಗಿ. ಕಿವಿಯ ಪಕ್ಕದಲ್ಲಿ ಸಣ್ಣದೊಂದು ದಾಳಿಂಬೆ ಹೂ. ಅಷ್ಟು ಕಪ್ಪಿನ ನಡುವೆ ಆ ಕೆಂಪು! ಅವನು ಮುಡಿದಾಗಲೇ ಹೂ ಹೆಚ್ಚು ಚಂದ ಅನ್ನಿಸುತ್ತದೆ ನಂಗೆ.

ಐದನೆಯದನ್ನು ಇನ್ನೊಂದು ಸಲ ಬರಿ, ಮಗಳೇ. ನೀನು ಬರೆದ ದಳ ತುಂಬಾ ನಯವಾಗಿದೆ. ಹಿತ್ತಲಿನ ಗಿಡ ಈಗ ಹೂ ಬಿಟ್ಟಿದೆ, ಬೆಳಿಗ್ಗೆ ಮುಟ್ಟಿ ನೋಡಿದೆ. ಬುಡದ ಬಟ್ಟಲು ಗಟ್ಟಿ, ದಳ ಮಡಿಸಿಟ್ಟ ಬಟ್ಟೆ ಥರ ಸುಕ್ಕು ಸುಕ್ಕು. ಎರಡು ಹೂ ಲಕೋಟೆಯಲ್ಲಿ ಇಟ್ಟಿದ್ದೀನಿ. ಬಣ್ಣ ಕಂದಿದ್ದರೂ ಸುಕ್ಕು ಉಳಿದಿರುತ್ತದೆ.

ನಿನ್ನ
ಅಪ್ಪ