ಅರ್ಜಿ ಹಾಕುವುದಿಲ್ಲ ಎಂದ ಮಗಳಿಗೆ

ಹಿರಿಯೂರು ತಾಲ್ಲೂಕು,
ಚಿತ್ರದುರ್ಗ ಜಿಲ್ಲೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಈ ಚಳಿಗೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ ಎಂಬುದನ್ನು ಬಿಟ್ಟರೆ ಚಿಂತಿಸುವಂಥದ್ದೇನೂ ಇಲ್ಲ. ದಾವಣಗೆರೆಯಲ್ಲಿ ನಿನ್ನ ಪಾಠಗಳು ಸರಿಯಾಗಿ ನಡೆಯುತ್ತಿವೆ ಎಂದು ನಂಬಿದ್ದೇನೆ. ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅಲ್ಲದೆ ಫೋನಿನಲ್ಲಿ ನೀನು "ಆಯ್ತು ದೊಡ್ಡಪ್ಪ" ಎಂದು ಮಾತು ಮುಗಿಸಿಬಿಡುತ್ತೀಯ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ದೀಪಾವಳಿಯಲ್ಲಿ ಊರಿಗೆ ಬಂದಿದ್ದಾಗ ಊಟ ಮುಗಿಸಿ ಜಗಲಿಯ ಮೇಲೆ ಕೂತು ನೀನು ಆಡಿದ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಸಹಾಯಕ ಪ್ರಾಧ್ಯಾಪಕರ ಪರೀಕ್ಷೆಗೆ ಎರಡು ಸಲ ಕೂತದ್ದಾಯಿತು, ಇನ್ನು ಅರ್ಜಿ ಹಾಕುವುದಿಲ್ಲ, ಆಸೆಯನ್ನೇ ಇಟ್ಟುಕೊಳ್ಳದಿದ್ದರೆ ಬೇಸರಪಡುವ ಪ್ರಸಂಗವೇ ಬರುವುದಿಲ್ಲ ಎಂದೆ. ಕೆಟ್ಟದ್ದನ್ನೇ ನಿರೀಕ್ಷಿಸುವವನಿಗೆ ಎರಡು ಕಡೆಯಿಂದಲೂ ಲಾಭ, ಕೆಟ್ಟದ್ದಾದರೆ ಅವನು ಮೊದಲೇ ಸಿದ್ಧನಾಗಿರುತ್ತಾನೆ, ಒಳ್ಳೆಯದಾದರೆ ಅದು ಬಯಸದೇ ಬಂದ ಭಾಗ್ಯವಾಗುತ್ತದೆ ಎಂದೂ ವಾದಿಸಿದೆ. ಜರ್ಮನ್ ತತ್ವಜ್ಞಾನಿ ಷೋಪೆನ್‌ಹಾವರನ ಹೆಸರನ್ನೂ ಎತ್ತಿದೆ. ಆ ಹೊತ್ತಿಗೆ ನಾನು ಸುಮ್ಮನಿದ್ದೆ. ನಿನ್ನ ಮಾತಿನಲ್ಲಿ ಅರ್ಧದಷ್ಟು ನಿಜವಿತ್ತು. ಆ ಅರ್ಧವನ್ನು ಒಪ್ಪಿಕೊಳ್ಳಬೇಕಾದರೆ ನಾನು ಇದುವರೆಗೆ ನಿನ್ನೆದುರು ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿತ್ತು.

2017ರ ಬೇಸಿಗೆ ನಿನಗೆ ನೆನಪಿರಬಹುದು. ನೀನಾಗ ಹಾಸ್ಟೆಲಿನಲ್ಲಿದ್ದೆ. ಮಳೆ ವರ್ಷದ ಮೇಲೆ ವರ್ಷ ಕೈಕೊಟ್ಟು ಮಾರಿಕಣಿವೆ ಅಣೆಕಟ್ಟೆಯ ನೀರು ತಳ ಹಿಡಿದಿತ್ತು, ತಾಲ್ಲೂಕಿನ ಎಷ್ಟೋ ತೆಂಗಿನ ತೋಟಗಳು ನಿಂತಲ್ಲೇ ಒಣಗುತ್ತಿದ್ದವು, ನಮ್ಮ ಬೋರಿನಲ್ಲೂ ನೀರು ಬರುವುದು ನಿಂತುಹೋಗಿತ್ತು. ನೀರಿನ ಸೆಲೆ ನೋಡುವವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲಿ ನಡೆದು, ಕಾಯಿ ಎದ್ದು ನಿಂತಿತೆಂದು ಒಂದು ಪಾಯಿಂಟು ತೋರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ನಾನು ಅದನ್ನು ನಂಬಿದೆ, ನಂಬಲೇಬೇಕೆಂಬ ಸ್ಥಿತಿಯಲ್ಲಿದ್ದೆ. ಸಂಜೆ ಬೋರಿನ ಲಾರಿ ಬಂತು. 400 ಅಡಿಯ ಹತ್ತಿರ ಒಂದಿಷ್ಟು ಹಸಿ ಮಣ್ಣು ಬಂದಾಗ ಎಲ್ಲರೂ ಕೈಮುಗಿದೆವು. ಆಮೇಲೆ ಬಂದದ್ದು ಬರೀ ಬಿಳಿ ಹುಡಿ. ಲಾರಿಯ ದೀಪದ ಬೆಳಕಿನಲ್ಲಿ ಆ ಹುಡಿ ಮೇಲೆದ್ದು, ಬಾಡಿದ ಗರಿಗಳ ಮೇಲೆ, ನಮ್ಮ ತಲೆಯ ಮೇಲೆ, ನಿನ್ನ ದೊಡ್ಡಮ್ಮ ತಂದಿಟ್ಟ ಚಹಾದ ಲೋಟಗಳ ಮೇಲೆ ಕೂರುತ್ತಿತ್ತು. 600 ಅಡಿ ದಾಟಿದ ಮೇಲೆ ಲಾರಿಯವರು ನಿಲ್ಲಿಸೋಣವೇ ಎಂದು ಕೇಳಿದರು. ನಾನು "ಇನ್ನೊಂದು ಐವತ್ತು ಅಡಿ" ಎಂದೆ. ಹಾಗೆಯೇ ನಾಲ್ಕು ಸಲ ಎಂದೆ. ಬೆಳಗಿನ ಜಾವ ನಿಲ್ಲಿಸುವಾಗ 820 ಅಡಿಯಾಗಿತ್ತು, ನೀರು ಬೀಳಲಿಲ್ಲ. ಅದು ಆ ವರ್ಷದ ಮೂರನೆಯ ಬೋರು. ಸಾಲ ತೀರಿಸಲು ಕೆರೆಯ ಮಗ್ಗುಲಿನ ಎರಡು ಎಕರೆ ಮಾರಿದೆ.

ನೀರು ಬೀಳದಿದ್ದರೆ ಮುಂದೇನು ಎಂಬ ಪ್ರಶ್ನೆಯನ್ನು ಆ ಮೂರು ಬೋರುಗಳ ಮಧ್ಯೆ ಒಮ್ಮೆಯೂ ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಅಪಶಕುನವೆಂದು ಒಳಗೊಳಗೆ ಹೆದರಿದ್ದೆ. ಆಶಾವಾದವೆಂದರೆ ಇದೇ ಆಗಿದ್ದಲ್ಲಿ ನಿನ್ನ ನಿರಾಶಾವಾದವೇ ಮೇಲು ಎಂದು ಬರೆದು ಈ ಕಾಗದವನ್ನು ಇಲ್ಲಿಗೇ ಮಡಿಸಿಬಿಡುತ್ತಿದ್ದೆ. ಗೇಬ್ರಿಯೆಲೆ ಎಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಳ್ಳೆಯ ಕೆಲಸ ಸಿಕ್ಕಿಬಿಟ್ಟಂತೆ ಸುಖವಾಗಿ ಕನಸು ಕಾಣುತ್ತಿದ್ದವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಸಿಕ್ಕ ಕೆಲಸವೂ ಸಂಬಳವೂ ಕಡಿಮೆಯೇ ಆಗಿದ್ದವು. ತಮ್ಮ ಹಿಂದಿನ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡು "ನನಗೆ ಸಿಗಬಹುದು" ಎಂದು ಅಂದಾಜು ಮಾಡಿದವರ ಫಲ ಮಾತ್ರ ಬೇರೆಯಾಗಿತ್ತು. ಅವರು ಹೆಚ್ಚು ದುಡಿದು ಹೆಚ್ಚು ಪಡೆದರು. ಕನಸಿಗೂ ಅಂದಾಜಿಗೂ ಇರುವ ಈ ಅಂತರವನ್ನು ನಾನು 820 ಅಡಿ ಕೊರೆಸಿ ಕಲಿತೆ.

ಆದರೆ ಮಗಳೇ, ಅದು ನನ್ನ ಮೊದಲನೆಯ ತಪ್ಪು ಮಾತ್ರ. ಎರಡನೆಯದು ನಿನ್ನ ವಾದದ ದಾರಿಯಲ್ಲೇ ಆಯಿತು.

ಮೂರನೆಯ ಬೋರು ಹೋದ ಮೇಲೆ ನನ್ನ ಮನಸ್ಸು ಸಂಪೂರ್ಣ ತಿರುಗಿತು. ಈ ನೆಲದಲ್ಲಿ ಇನ್ನು ಮುಂದೆ ನೀರಿಲ್ಲ, ಮಳೆಯೂ ಇಲ್ಲ, ಆಸೆ ಬಿಡುವುದೇ ಜಾಣತನ ಎಂದು ನಿರ್ಧರಿಸಿ ನನ್ನ ಭಾಗದ ಮರಗಳನ್ನೆಲ್ಲ ಒಬ್ಬ ವ್ಯಾಪಾರಿಗೆ ಕೊಟ್ಟೆ. ನಮ್ಮಪ್ಪ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳವು. ಯಂತ್ರ ಹಿಡಿದು ಬಂದವರು ಎರಡೇ ದಿನದಲ್ಲಿ ಕೆಡವಿದರು. ಕೆಳಗೆ ಬಿದ್ದ ಮರಗಳ ತಲೆಯ ಹತ್ತಿರ ಹೋಗಿ ನೋಡಿದರೆ ಎಷ್ಟೋ ಮರಗಳಲ್ಲಿ ಹೊರಗಿನ ಗರಿಗಳು ಒಣಗಿ ಜೋತುಬಿದ್ದಿದ್ದರೂ ನಡುವಿನ ಸುಳಿ ಇನ್ನೂ ಹಸಿರಾಗಿತ್ತು. ಆ ಹಸಿರನ್ನು ಕೈಯಿಂದ ಮುಟ್ಟಿ ನೋಡಿದೆ. ಆದರೂ ನಿಲ್ಲಿಸಿ ಎಂದು ಹೇಳಲಿಲ್ಲ.

ಬದುವಿನ ಆಚೆ ನಿಮ್ಮಪ್ಪನ ಭಾಗ. ಅವನು ನನ್ನಂತೆ ಹಣ ಸುರಿದು ಬೋರು ಕೊರೆಸಲಿಲ್ಲ. ತೋಟವನ್ನೆಲ್ಲ ಒಂದು ದಿನ ಸುತ್ತಿ, ತನಗೆ ಸಿಗುವ ನೀರಿನಲ್ಲಿ ಎಷ್ಟು ಮರ ಬದುಕಬಹುದೆಂದು ಲೆಕ್ಕ ಹಾಕಿ, ಉಳಿದವನ್ನು ಕೈಬಿಟ್ಟ. ಮನೆಯ ಹಿಂದಿನ ನಲವತ್ತು ಮರಗಳನ್ನು ಮಾತ್ರ ಆರಿಸಿಕೊಂಡ. ಅವುಗಳ ಕೆಳಗಿನ ಗರಿಗಳನ್ನು ಕಡಿದು ಭಾರ ಇಳಿಸಿದ, ಬುಡದ ಪಾತಿಗಳಲ್ಲಿ ತೆಂಗಿನ ಸಿಪ್ಪೆ ಹೂತು ಮೇಲೆ ಒಣಗರಿ ಹೊದಿಸಿದ, ಬಚ್ಚಲಿನ ನೀರಿಗೂ ಪಾತ್ರೆ ತೊಳೆದ ನೀರಿಗೂ ಕಾಲುವೆ ತೋಡಿದ, ಹತ್ತು ದಿನಕ್ಕೊಮ್ಮೆ ಒಂದು ಟ್ಯಾಂಕರ್ ತರಿಸಿ ಚೊಂಬಿನಲ್ಲಿ ಅಳೆದಂತೆ ಹಂಚಿದ. ಮಳೆ ಬರುತ್ತದೆಂಬ ನಂಬಿಕೆ ಇದೆಯೇ ಎಂದು ಕೇಳಿದರೆ "ಗೊತ್ತಿಲ್ಲಣ್ಣ, ಈ ತಿಂಗಳು ಸಾಯದಿದ್ದರೆ ಸಾಕು" ಎನ್ನುತ್ತಿದ್ದ. ಆ ನಲವತ್ತರಲ್ಲಿ ಮೂವತ್ತೇಳು ಉಳಿದವು.

ನಿನ್ನ ವಾದದಲ್ಲಿ ನನಗೆ ಕಾಣುವ ದೋಷ ಇಲ್ಲಿದೆ. ಬೋರು ಕೊರೆಸಿದ ತಪ್ಪು ನನಗೆ ಬೆಳಗಾಗುವಷ್ಟರಲ್ಲಿ ತಿಳಿಯಿತು. ಹುಡಿಯೇ ಸಾಕ್ಷಿ ಹೇಳಿತು. ಮರ ಕಡಿಸಿದ ತಪ್ಪು ತಿಳಿಯಲು ವರ್ಷಗಳು ಬೇಕಾದವು, ಅದೂ ಬದುವಿನ ಆಚೆ ನಿಮ್ಮಪ್ಪನ ಮರಗಳು ನಿಂತಿದ್ದುದರಿಂದ ತಿಳಿಯಿತು. ಅವನೂ ಕಡಿಸಿದ್ದರೆ, ಬೇರೆ ದಾರಿಯೇ ಇರಲಿಲ್ಲವೆಂದು ಸಾಯುವವರೆಗೂ ನಂಬಿಕೊಂಡು, ನನ್ನ ದೂರದೃಷ್ಟಿಯನ್ನು ನಾನೇ ಮೆಚ್ಚಿಕೊಂಡು ಇರುತ್ತಿದ್ದೆ. ಆಸೆಯಿಟ್ಟು ಕೈಹಾಕಿದವನ ತಪ್ಪನ್ನು ಲೋಕ ಅವನ ಮುಖಕ್ಕೇ ಹೇಳುತ್ತದೆ. ಆಸೆ ಬಿಟ್ಟು ಕೈಚೆಲ್ಲಿದವನಿಗೆ ಯಾರೂ ಏನೂ ಹೇಳುವುದಿಲ್ಲ, ಏಕೆಂದರೆ ಬಿತ್ತದ ಹೊಲದಲ್ಲಿ ಏನು ಬೆಳೆಯುತ್ತಿತ್ತೆಂದು ತೋರಿಸಲು ಪೈರೇ ಇರುವುದಿಲ್ಲ. ನೀನು ಅರ್ಜಿ ಹಾಕದಿದ್ದರೆ "ಹೇಗೂ ಆಗುತ್ತಿರಲಿಲ್ಲ" ಎಂಬ ನಿನ್ನ ಮಾತನ್ನು ಸುಳ್ಳು ಮಾಡುವ ಅವಕಾಶವೇ ಯಾವ ಪ್ರಶ್ನೆಪತ್ರಿಕೆಗೂ ಸಿಗುವುದಿಲ್ಲ. ಎರಡು ಕಡೆಯಿಂದಲೂ ಲಾಭವೆಂದು ನೀನು ಹೇಳಿದ ಲೆಕ್ಕದಲ್ಲಿ ಈ ನಷ್ಟವನ್ನು ಬರೆದುಕೊಂಡಿಲ್ಲ.

ಇನ್ನು ಷೋಪೆನ್‌ಹಾವರ್. ಬದುಕು ದುಃಖವೇ ಎಂದು ವಾದಿಸಿದ ಆತ 1831ರಲ್ಲಿ ಬರ್ಲಿನ್ನಿಗೆ ಕಾಲರಾ ಬಂದಾಗ ಸಾವಿಗೆ ಕಾಯುತ್ತಾ ಕೂರಲಿಲ್ಲ. ಊರು ಬಿಟ್ಟು ಹೊರಟ. ಅದೇ ಊರಿನಲ್ಲಿದ್ದ ಇನ್ನೊಬ್ಬ ತತ್ವಜ್ಞಾನಿ ಹೆಗೆಲ್ ಆ ವರ್ಷವೇ ತೀರಿಕೊಂಡ, ಷೋಪೆನ್‌ಹಾವರ್ 72 ವರ್ಷ ಬದುಕಿ 1860ರಲ್ಲಿ ತೀರಿಕೊಂಡ. ಅವನ ಭಯ ಅವನನ್ನು ಎಬ್ಬಿಸಿ ನಡೆಸಿತು ಎಂಬುದನ್ನು ಗಮನಿಸು. ನಿನ್ನದು ನಿನ್ನನ್ನು ಕೂರಿಸುತ್ತಿದೆ.

ಭಯಪಡುವ ಸ್ವಭಾವವನ್ನೇ ಬಿಡು ಎಂದು ನಾನು ಹೇಳುತ್ತಿಲ್ಲ. ನೀನು ಚಿಕ್ಕಂದಿನಿಂದಲೂ ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲ ಮರೆತುಹೋಗಿದೆ" ಎಂದು ಅಳುತ್ತಿದ್ದವಳು, ಅತ್ತು ಮುಗಿಸಿ ಮತ್ತೆ ಪುಸ್ತಕ ತೆರೆದು ಒಳ್ಳೆಯ ಅಂಕ ತರುತ್ತಿದ್ದವಳು. ಇಂಥವರ ಬಗ್ಗೆ ಅಮೆರಿಕದ ಜೂಲಿ ನೋರೆಮ್ ಎಂಬ ಮನಶ್ಶಾಸ್ತ್ರಜ್ಞೆ 1980ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಏನೇನು ಕೆಡಬಹುದೆಂದು ಮೊದಲೇ ಎಣಿಸಿ, ಒಂದೊಂದಕ್ಕೂ ಸಿದ್ಧತೆ ಮಾಡಿಕೊಳ್ಳುವವರು ಇತರರಷ್ಟೇ ಚೆನ್ನಾಗಿ ಕೆಲಸ ಮಾಡುತ್ತಾರೆ. "ಎಲ್ಲ ಸರಿಹೋಗುತ್ತದೆ, ಹೆದರಬೇಡ" ಎಂದು ಸಮಾಧಾನ ಹೇಳಿದರೆ ಅವರ ಕೆಲಸ ಕೆಡುವುದೂ ಉಂಟು. ಆದ್ದರಿಂದ ನಿನಗೆ ಅಂಥ ಸಮಾಧಾನವನ್ನು ನಾನು ಹೇಳುವುದಿಲ್ಲ. ಅತ್ತ ಮೇಲೆ ಪುಸ್ತಕ ತೆರೆಯುತ್ತಿದ್ದೆಯಲ್ಲ, ಆ ಎರಡನೆಯ ಭಾಗ ಈಗ ಬಿಟ್ಟುಹೋಗಿದೆ ಎಂಬುದಷ್ಟೇ ನನ್ನ ಆತಂಕ.

ಅದು ಏಕೆ ಬಿಟ್ಟುಹೋಗುತ್ತದೆ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗ ಒಂದು ಉತ್ತರ ಕೊಡುತ್ತದೆ. ಅದು ನಾಯಿಗಳಿಗೆ ಕ್ರೂರವಾದ ಪ್ರಯೋಗವೆಂಬುದನ್ನೂ ಹೇಳಲೇಬೇಕು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು, ಮುಂದೆ ಗಿಡ್ಡನೆಯ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಕಡೆಯಲ್ಲೂ ಹಾರದೆ ಮಲಗಿಬಿಟ್ಟವು. ಕಷ್ಟದಲ್ಲಿ ಕೈಚೆಲ್ಲುವುದನ್ನು ಜೀವಿ ಕಲಿಯುತ್ತದೆ ಎಂದು ಅವರು ಆಗ ಹೇಳಿದರು. ಸುಮಾರು 50 ವರ್ಷಗಳ ಮೇಲೆ, 2016ರಲ್ಲಿ, ಮಿದುಳಿನ ಕುರಿತು ಬಂದ ಹೊಸ ತಿಳಿವಳಿಕೆಯ ಆಧಾರದ ಮೇಲೆ ಅದೇ ಇಬ್ಬರೂ ಆ ಮಾತನ್ನು ತಿದ್ದಿಕೊಂಡರು: ಬಹುಕಾಲದ ಕಷ್ಟದಲ್ಲಿ ನಿಶ್ಚಲವಾಗಿ ಕೂರುವುದು ಕಲಿತದ್ದಲ್ಲ, ಅದು ಹುಟ್ಟಿನಿಂದಲೇ ಬಂದದ್ದು, ತನ್ನ ಕೈಯಲ್ಲೂ ಏನೋ ಇದೆ ಎಂಬುದನ್ನೇ ಕಲಿಯಬೇಕು. ಮಲಗಿದ್ದ ನಾಯಿಗಳನ್ನು ಅವರು ಕರೆದು ಎಬ್ಬಿಸಲಾಗಲಿಲ್ಲ. ಹಗ್ಗ ಹಿಡಿದು ಮತ್ತೆ ಮತ್ತೆ ತಡೆಯ ಆಚೆಗೆ ಎಳೆದ ಮೇಲೆ, ಕಾಲುಗಳು ದಾಟುವುದನ್ನು ಕಂಡ ಮೇಲೆ, ಅವು ತಾವಾಗಿ ಹಾರಿದವು. ಭರವಸೆ ಬಂದ ಮೇಲೆ ಕೆಲಸ ಶುರುಮಾಡುತ್ತೇನೆಂದು ಕಾಯುತ್ತಿರುವ ನಿನಗಾಗಿ ಇದನ್ನು ಇಷ್ಟು ವಿವರವಾಗಿ ಬರೆದೆ.

ಮಾರಿಕಣಿವೆಯ ಕೋಡಿಯ ವಿಚಾರವನ್ನೂ ಇದರ ಜೊತೆಗೆ ನೋಡು. ವರ್ಷದ ಹೆಚ್ಚಿನ ದಿನ ಮರಳೇ ಕಾಣುವ ವೇದಾವತಿಗೆ ಅಡ್ಡಲಾಗಿ 130 ಅಡಿ ನೀರು ನಿಲ್ಲುವ ಕಟ್ಟೆಯನ್ನು 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದವರ ಎದೆಗಾರಿಕೆ ಎಂಥದ್ದಿರಬೇಕು! ಅದೇ ಜನ, ಬರದ ಸೀಮೆಯಲ್ಲಿ ನೀರು ಹೆಚ್ಚಾಗಿ ಕಟ್ಟೆ ಒಡೆದೀತೆಂಬ ಭಯವನ್ನೂ ಬಿಡದೆ ಕೋಡಿಯನ್ನೂ ಕಟ್ಟಿದರು. ಅದು ಮೊದಲ ಸಲ ಬಿದ್ದದ್ದು 1933ರಲ್ಲಿ, ನಮ್ಮಜ್ಜ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದರು. ಆಗಿನ್ನೂ ಹುಟ್ಟಿರದ ನಮ್ಮಪ್ಪ ಕೋಡಿಯನ್ನು ಕಾಣದೆಯೇ ಹೋದರು. 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ನಿಮ್ಮಪ್ಪನೂ ನಾನೂ ಜನರ ನಡುವೆ ನಿಂತು ಅದು ಬೀಳುವುದನ್ನು ನೋಡಿದೆವು. ಅಂದು ನಾನು ಅತ್ತದ್ದು ಸಂತೋಷಕ್ಕೆಂದು ನಿಮ್ಮಪ್ಪ ತಿಳಿದ. ಕೆಡವಿಸಿದ ಮರಗಳ ಸುಳಿ ನನ್ನ ಕಣ್ಣ ಮುಂದಿತ್ತು. ಆ ಸಲದ ನೀರು ಎಲ್ಲರಿಗೂ ಒಳಿತನ್ನೇ ತಂದಿತೆಂದು ಹೇಳಲಾರೆ, ಹಿನ್ನೀರಿನಲ್ಲಿ ಹೊಸದುರ್ಗದ ಕಡೆಯವರ ತೋಟಗಳು ಮುಳುಗಿದವು. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿತ್ತು. ಬರುವ ವರ್ಷ ಏನಾಗುವುದೋ ಯಾರು ಬಲ್ಲರು? ಆದರೂ ಕಟ್ಟೆಯೂ ಇರಲಿ, ಕೋಡಿಯೂ ಇರಲಿ ಎಂದು ಕಟ್ಟಿದವರ ಮನಸ್ಸು ನನಗೆ ಹಿಡಿಸುತ್ತದೆ. ಯಾವುದಾದರೂ ಒಂದನ್ನೇ ಆರಿಸಿಕೋ ಎಂದು ನೀನು ಪಟ್ಟು ಹಿಡಿದರೆ ನಾನು ಕಟ್ಟೆಯ ಪಕ್ಷ. ಕಟ್ಟೆಯಿಲ್ಲದ ಕಡೆ ಕೋಡಿಗೆ ಏನು ಕೆಲಸ?

ಇಷ್ಟು ಬರೆದ ಮೇಲೆ ನಿನ್ನಿಂದ ಕೇಳುವುದು ಸಣ್ಣದು. ಅರ್ಜಿ ತುಂಬು. ಆಗುತ್ತದೆಂದು ನಂಬಿ ತುಂಬಬೇಕಾಗಿಲ್ಲ, ಅನುಮಾನ ಇಟ್ಟುಕೊಂಡೇ ತುಂಬು. ಶೇಂಗಾ ಬಿತ್ತುವಾಗ ನಮ್ಮ ಕಡೆಯವರು ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವಂತೆ, ಆಗದಿದ್ದರೆ ಏನೆಂಬುದಕ್ಕೂ ಈಗಲೇ ಒಂದು ದಾರಿ ನೋಡಿಕೋ. ಅತಿಥಿ ಉಪನ್ಯಾಸಕಿಯ ಕೆಲಸ ಬಿಡಬೇಡ, ಬಿ.ಎಡ್. ಮಾಡುವ ಯೋಚನೆಯನ್ನೂ ಕೈಬಿಡಬೇಡ. ಹೋದ ಸಲ ಯಾವ ಪತ್ರಿಕೆಯಲ್ಲಿ ಎಷ್ಟು ಅಂಕ ಹೋಯಿತೆಂದು ನಿಮ್ಮಪ್ಪ ತೋಟ ಸುತ್ತಿದ ಹಾಗೆ ಒಂದು ದಿನ ಸುತ್ತಿ ನೋಡಿ, ಉಳಿಸಿಕೊಳ್ಳಬಹುದಾದ ಪಾಠಗಳನ್ನು ಗುರುತು ಹಾಕಿಕೋ. ಎಲ್ಲವನ್ನೂ ಓದಿ ಮುಗಿಸುತ್ತೇನೆಂದು ಹೊರಡಬೇಡ. ಶುಲ್ಕದ ಹಣವನ್ನು ನಿನ್ನ ಖಾತೆಗೆ ಹಾಕಿಸಿದ್ದೇನೆ, ಬೇಡವೆನ್ನಬೇಡ.

ಸೋಮವಾರ ಕಾಯಿ ಇಳಿಸುವವರು ಬರುತ್ತಾರೆ. ಮನೆಯ ಹಿಂದಿನ ಮರಗಳಲ್ಲಿ ಈ ಸಲ ಗೊನೆ ಚೆನ್ನಾಗಿವೆ. ಭಾನುವಾರವೇ ಬಂದರೆ ಒಂದು ರಾತ್ರಿ ಇದ್ದು, ಎಳನೀರು ಕುಡಿದು, ಹಾಸ್ಟೆಲಿನ ಗೆಳತಿಯರಿಗೂ ಒಂದು ಚೀಲ ಕಾಯಿ ತೆಗೆದುಕೊಂಡು ಹೋಗಬಹುದು. ಅರ್ಜಿಯ ಕಾಗದಪತ್ರಗಳನ್ನೂ ಜೊತೆಯಲ್ಲಿ ತಾ, ಇಬ್ಬರೂ ಕೂತು ತುಂಬೋಣ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ