ಬರೀ ಚೀಟಿ ಸಾಲದು, ಒಂದು ಫೋನ್ ಮಾಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಈ ಪತ್ರದಲ್ಲಿ ನಾನು ದುಡ್ಡು ಕೇಳುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ನೀವು ಕೊನೆತನಕ ಓದುತ್ತೀರಿ ಅಂತ ಒಂದು ಆಸೆ.

ನನ್ನ ಅಣ್ಣ ಕುಡಿತ ಬಿಡಲು ಆಸ್ಪತ್ರೆ ಸೇರಿದ್ದ. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯ ಕೊನೆಯಲ್ಲಿ 'ಎಎ ಮೀಟಿಂಗ್‌ಗೆ ಹೋಗಬೇಕು' ಅಂತ ಬರೆದಿತ್ತು. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಮಾತ್ರೆಗಳ ಮುಂದೆ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಎಲ್ಲ ಇತ್ತು. ಮೀಟಿಂಗ್ ಮುಂದೆ ಮಾತ್ರ ಏನೂ ಇಲ್ಲ. ಎಲ್ಲಿ, ಯಾವ ವಾರ, ಯಾರನ್ನು ಕೇಳಬೇಕು? ಕೌಂಟರಿನಲ್ಲಿ ವಿಚಾರಿಸಿದರೆ ಗೋಡೆಗೆ ಅಂಟಿಸಿದ್ದ ಹಳೇ ನೋಟಿಸು ತೋರಿಸಿದರು. ಆ ವಿಳಾಸಕ್ಕೆ ಹೋದರೆ ಬಾಗಿಲಿಗೆ ಬೀಗ. ಗುಂಪು ಯಾವತ್ತೋ ಜಾಗ ಬದಲಿಸಿತ್ತು.

ಇದೇನು ಮಹಾ ತೊಂದರೆ ಅನ್ನಿಸಬಹುದು. ಆದರೆ ಅಂಥ ಬಾಗಿಲ ತನಕ ಹೋಗುವುದಕ್ಕೇ ಕುಡಿಯುವವರು ಎಷ್ಟೋ ದಿನ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ಬೀಗ ಕಂಡರೆ ಒಳಗೊಳಗೇ ಖುಷಿ. 'ನಾನು ಹೋಗಿದ್ದೆ, ಯಾರೂ ಇರಲಿಲ್ಲ' ಅನ್ನಲು ನೆಪ ಸಿಕ್ಕಿತಲ್ವಾ? ಅಣ್ಣನೂ ಹಾಗೇ ಅಂದ. ಅತ್ತಿಗೆ ಬಿಡಲಿಲ್ಲ. ಅವರಿಗೆ ಇವರಿಗೆ ಫೋನ್ ಮಾಡಿ ಹೊಸ ಜಾಗ ಪತ್ತೆ ಮಾಡಿದರು. ಎಲ್ಲರ ಮನೆಯಲ್ಲೂ ಅಷ್ಟು ಹಟ ಇರುವವರು ಎಲ್ಲಿ ಸಿಗುತ್ತಾರೆ?

ಈ ಮೀಟಿಂಗ್‌ಗಳಲ್ಲಿ ಎರಡು ಥರ. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಓಪನ್ ಮೀಟಿಂಗ್‌ಗೆ ಮನೆಯವರು, ಡಾಕ್ಟರು, ಯಾರು ಬೇಕಾದರೂ ಹೋಗಿ ಕೂರಬಹುದು. ನಾನೂ ಕೂತಿದ್ದೆ. ಒಬ್ಬರು ಮಾತಾಡುವಾಗ ಮತ್ತೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅಣ್ಣನ ಸರದಿ ಬಂದಾಗ 'ನಾನು ಇವತ್ತು ಸುಮ್ನೆ ಕೇಳಿಸ್ಕೊತೀನಿ' ಅಂದ. ಸರಿ ಅಂತ ಮುಂದಿನವರಿಗೆ ಬಿಟ್ಟುಕೊಟ್ಟರು. ಮುಗಿದ ಮೇಲೆ ಇಬ್ಬರು ಬಂದು ತಮ್ಮ ನಂಬರು ಬರೆದುಕೊಟ್ಟರು. ಕುಡಿಯಬೇಕು ಅನ್ನಿಸಿದರೆ ಎಷ್ಟೇ ಹೊತ್ತಾಗಿರಲಿ, ಮೊದಲು ಫೋನ್ ಮಾಡಿ ಅಂದರು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಇಲಾಖೆ ನಿಮ್ಮಲ್ಲಿ ಎಷ್ಟಿವೆಯೋ ನನಗೆ ಗೊತ್ತಿಲ್ಲ.

ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ಶೇರು ವ್ಯವಹಾರದ ಒಬ್ಬರು, ಆಪರೇಷನ್ ಮಾಡುವ ಡಾಕ್ಟರೊಬ್ಬರು, ಇಬ್ಬರೂ ವಿಪರೀತ ಕುಡಿಯುತ್ತಿದ್ದವರು, ಎದುರುಬದುರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಇವತ್ತಿಗೂ ಸೇರಲು ಫೀಸಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಹೊರಗಿನವರ ದುಡ್ಡು ಮುಟ್ಟುವುದಿಲ್ಲ, ನೀವು ಅನುದಾನ ಕೊಡುತ್ತೇನೆಂದರೂ ಬೇಡ ಅನ್ನುತ್ತಾರೆ. ಕೋಣೆಯ ಬಾಡಿಗೆಯನ್ನು ತಮ್ಮತಮ್ಮಲ್ಲೇ ಎತ್ತಿ ಕೊಡುತ್ತಾರೆ. ಅದೇ ಅವರಿಗೆ ಮುಳುವಾಗಿದೆಯೇನೋ. ದುಡ್ಡು ಕೇಳದವರ ಫೈಲು ಯಾರ ಮೇಜಿಗೂ ಬರುವುದಿಲ್ಲ.

ಹಾಗಾದರೆ ನಿಮ್ಮಿಂದ ಏನಾಗಬೇಕು? 1981ರಲ್ಲಿ ಸಿಸನ್ ಮತ್ತು ಮ್ಯಾಲಮ್ಸ್ ಎಂಬ ಇಬ್ಬರು ಒಂದು ಚಿಕ್ಕ ಅಧ್ಯಯನ ಮಾಡಿದರು. ಇದ್ದವರೇ 20 ಜನ. ಅರ್ಧ ಜನಕ್ಕೆ ಮೀಟಿಂಗ್‌ನ ಜಾಗ, ಸಮಯ ತಿಳಿಸಿ ಹೋಗಿ ಎಂದರು. ಇನ್ನರ್ಧ ಜನಕ್ಕೆ ಅಲ್ಲೇ ಗುಂಪಿನ ಸದಸ್ಯರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿದರು. ಆ ಸದಸ್ಯರು ತಾವೇ ಜೊತೆಗೆ ಬರುತ್ತೇವೆ ಅಂದರು. ಫೋನಿನಲ್ಲಿ ಮಾತಾಡಿದವರೆಲ್ಲ ಮೀಟಿಂಗ್‌ಗೆ ಹೋದರು. ಬರೀ ವಿಳಾಸ ಸಿಕ್ಕವರಲ್ಲಿ ಒಬ್ಬರೂ ಹೋಗಲಿಲ್ಲ. 20 ಜನರ ಲೆಕ್ಕ ಏನೂ ಅಲ್ಲ, ಒಪ್ಪಿದೆ. ಆದರೆ 2020ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ಒಂದೇ ವಿಷಯದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 10,000ಕ್ಕೂ ಹೆಚ್ಚು ಜನರ ಮೇಲಿನ 27 ಅಧ್ಯಯನಗಳನ್ನು ನೋಡಿತು. ರೋಗಿಯನ್ನು ಎಎ ಜೊತೆ ಕ್ರಮವಾಗಿ ಬೆಸೆಯುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಜಾಸ್ತಿ ಫಲ ಕೊಡುತ್ತದೆ ಅಂತ ಅದು ಹೇಳಿತು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ, ಅವರು ಒಪ್ಪಿದರೆ, ನರ್ಸೋ ಆಪ್ತಸಮಾಲೋಚಕರೋ ಗುಂಪಿನವರಿಗೆ ಫೋನ್ ಹಚ್ಚಿ ಮಾತಾಡಿಸಲಿ. ಸಂಜೆ ಖಾಲಿ ಬಿದ್ದಿರುವ ಸರ್ಕಾರಿ ಕೋಣೆಗಳನ್ನು ಗುಂಪುಗಳಿಗೆ ಬಾಡಿಗೆಗೆ ಕೊಡಿ. ಉದ್ಘಾಟನೆ, ಫೋಟೊ, ಹಾಜರಿ ಪುಸ್ತಕ ಮಾತ್ರ ದಯವಿಟ್ಟು ಬೇಡ. ಹೆಸರು ಹೊರಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೇ ಜನ ಅಲ್ಲಿಗೆ ಬರುತ್ತಾರೆ.

ಎಎಯಲ್ಲಿ ದೇವರ ಮಾತು ಬರುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಅಂಥವರಿಗೆ 1994ರಿಂದ ಇರುವ ಸ್ಮಾರ್ಟ್ ರಿಕವರಿ, ಮನೆಯವರಿಗೆ 1951ರಿಂದ ಇರುವ ಅಲ್-ಅನಾನ್, ಈ ಗುಂಪುಗಳ ವಿವರವೂ ಆಸ್ಪತ್ರೆಯ ಮೀಟಿಂಗ್ ಪಟ್ಟಿಯಲ್ಲಿರಲಿ. ಇನ್ನೊಂದು ಮಾತು: ತುಂಬಾ ದಿನ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅದನ್ನು ಡಾಕ್ಟರೇ ನೋಡಬೇಕು. ಮೀಟಿಂಗ್ ಆಸ್ಪತ್ರೆಯ ಬದಲಿಗೆ ಅಲ್ಲ, ಆಸ್ಪತ್ರೆಯ ಜೊತೆಗೆ.

ಮುಂದಿನ ಪರಿಶೀಲನಾ ಸಭೆಯಲ್ಲಿ ಅಧಿಕಾರಿಗಳ ಹತ್ತಿರ ಇರುವ ಮೀಟಿಂಗ್ ಪಟ್ಟಿ ತರಿಸಿ. ಅದರ ಮೊದಲ ನಂಬರಿಗೆ ಎಲ್ಲರ ಮುಂದೆ ಸ್ಪೀಕರ್ ಹಾಕಿ ಫೋನ್ ಮಾಡಿ. ಯಾರೂ ಎತ್ತದಿದ್ದರೆ, ಪಟ್ಟಿ ಸರಿಮಾಡಲು ಎಷ್ಟು ದಿನ ಬೇಕು ಅಂತ ಅಲ್ಲೇ ಕೇಳಿ.

ಇತಿ,
ಕುಡಿತ ಬಿಟ್ಟಿರುವ ಒಬ್ಬರ ತಂಗಿ