ಪುಟ್ಟಿಯ ಬ್ಯಾಂಡಿನ ವಿಷಯವಾಗಿ ಅಪ್ಪಯ್ಯನಿಗೆ

ಲಿಮರಿಕ್, ಐರ್ಲೆಂಡ್

ತೀರ್ಥರೂಪರಾದ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೂ ನಿಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಸುವುದು.

ಪುಟ್ಟಿ ಶಿವಮೊಗ್ಗದಲ್ಲಿ ಕಾಲೇಜಿನ ಗೆಳೆಯರ ರಾಕ್ ಬ್ಯಾಂಡಿಗೆ ಹಾಡುತ್ತೇನೆ ಎಂದದ್ದಕ್ಕೆ ನೀವು ಅವಳೊಡನೆ ಮಾತು ಬಿಟ್ಟಿದ್ದೀರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಹೊಸಹಳ್ಳಿಗೆ ಕಳುಹಿಸಿ ಗಮಕ ಕಲಿಸಿದ ಕಂಠ ಗಿಟಾರಿನ ಗದ್ದಲದಲ್ಲಿ ಕೆಟ್ಟುಹೋಗುತ್ತದೆ ಎಂಬುದು ನಿಮ್ಮ ಆತಂಕವಂತೆ. ನಿಮ್ಮೊಡನೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಆದ್ದರಿಂದ ನಾನೀಗ ಇರುವ ಈ ಊರಿನಲ್ಲೇ ಹುಟ್ಟಿ ಬೆಳೆದ ಒಂದು ಬ್ಯಾಂಡಿನ ಸಂಗತಿಯನ್ನು ಬರೆಯುತ್ತಿದ್ದೇನೆ.

1989ರಲ್ಲಿ ನೋಯೆಲ್ ಹೋಗನ್, ಮೈಕ್ ಹೋಗನ್ ಎಂಬ ಇಲ್ಲಿಯ ಅಣ್ಣತಮ್ಮಂದಿರು ಗಿಟಾರ್ ಮತ್ತು ಬೇಸ್ ಹಿಡಿದು, ಗೆಳೆಯ ಫರ್ಗಲ್ ಲಾಲರ್‌ನನ್ನು ಡ್ರಮ್ಸಿಗೆ ಕೂರಿಸಿಕೊಂಡು ತಂಡ ಕಟ್ಟಿದರು. ಆಗ ಹಾಡುತ್ತಿದ್ದವನು ನಿಯಾಲ್ ಕ್ವಿನ್. ತಂಡಕ್ಕೆ ಇಟ್ಟುಕೊಂಡ ಹೆಸರು ‘ದಿ ಕ್ರ್ಯಾನ್‌ಬೆರಿ ಸಾ ಅಸ್’; ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜಾದ ‘ಕ್ರ್ಯಾನ್‌ಬೆರಿ ಸಾಸ್’ನ ಹೆಸರನ್ನು ಒಡೆದು ಮಾಡಿದ ಶ್ಲೇಷೆ ಅದು. ಆ ವಯಸ್ಸಿನ ಹುಡುಗರಿಗೇ ಹೊಳೆಯಬೇಕು ಇಂಥ ಚೇಷ್ಟೆ. ಮುಂದೆ ಅದು ‘ದಿ ಕ್ರ್ಯಾನ್‌ಬೆರೀಸ್’ ಎಂದಾಯಿತು. ಕ್ವಿನ್ ಬಿಟ್ಟುಹೋದ ಮೇಲೆ, 1990ರಲ್ಲಿ, ಹಾಡಲು ಬಂದವಳು ಡೊಲೊರೆಸ್ ಒ’ರಿಯೊರ್ಡನ್.

ಅವಳು ಲಿಮರಿಕ್ ನಗರದ ಹೊರಗಿರುವ ಬ್ಯಾಲಿಬ್ರಿಕನ್ ಎಂಬ ಹಳ್ಳಿಯ ಹುಡುಗಿ, ಮನೆಯ ಮಕ್ಕಳಲ್ಲಿ ಕೊನೆಯವಳು. ಓದಿದ್ದು ಐರಿಷ್ ಭಾಷೆಯಲ್ಲಿ ಪಾಠ ಹೇಳುವ ಶಾಲೆಯಲ್ಲಿ. ನಮ್ಮ ಕನ್ನಡ ಮಾಧ್ಯಮದ ಹಾಗೆ ಎನ್ನೋಣ. ಹಾಡಲು ಕಲಿತದ್ದು ಚರ್ಚಿನ ಪ್ರಾರ್ಥನೆಗಳಿಂದ ಮತ್ತು ಐರಿಷ್ ಜನಪದ ಹಾಡುಗಳಿಂದ. ಚರ್ಚಿನಲ್ಲಿ ಆರ್ಗನ್ ಕೂಡ ನುಡಿಸುತ್ತಿದ್ದಳು. ಹುಡುಗರು ಅವಳಿಗೆ ಸಾಹಿತ್ಯವಿಲ್ಲದ ಒಂದು ಗಿಟಾರಿನ ವರಸೆಯನ್ನು ಕ್ಯಾಸೆಟ್ಟಿನಲ್ಲಿ ಕೊಟ್ಟು ಕಳುಹಿಸಿದರು. ಕೆಲವೇ ದಿನಗಳಲ್ಲಿ ಅವಳು ಅದಕ್ಕೆ ಮಾತು ಹೊಸೆದು ತಂದಳು. ಅದೇ ಮುಂದೆ ಲೋಕವೆಲ್ಲ ಕೇಳಿದ ‘ಲಿಂಗರ್’ ಎಂಬ ಹಾಡಾಯಿತು.

ಆ ವರಸೆಯ ಹಿಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ‘ದಿ ಸ್ಮಿತ್ಸ್’ ತಂಡವಿದೆ. ಅದರ ಗಿಟಾರ್ ವಾದಕ ಜಾನಿ ಮಾರ್ ತಂತಿಗಳನ್ನು ಒಟ್ಟಿಗೆ ಬಾರಿಸಿ ಅಬ್ಬರಿಸುವ ಬದಲು ಒಂದೊಂದಾಗಿ ಮೀಟಿ, ಸ್ವರಗಳನ್ನು ಬಿಡಿ ಹೂವಿನಂತೆ ಉದುರಿಸುತ್ತಿದ್ದ. ಹೋಗನ್ ಸೋದರರಿಗೆ ಆ ತಂಡದ ಮೇಲೆ ಎಷ್ಟು ಭಕ್ತಿಯಿತ್ತೆಂದರೆ, 1993ರಲ್ಲಿ ಹೊರಬಂದ ತಮ್ಮ ಮೊದಲ ಆಲ್ಬಮ್ಮಿಗೆ ಸ್ಮಿತ್ಸ್ ತಂಡದೊಡನೆ ದುಡಿದಿದ್ದ ಸ್ಟೀಫನ್ ಸ್ಟ್ರೀಟ್ ಎಂಬ ನಿರ್ಮಾಪಕನನ್ನೇ ಕರೆತಂದರು. ನೀವು ಗದ್ದಲವೆಂದು ಹೆದರುವ ಜಾಗದಲ್ಲಿ ಅವರು ಕಂಠಕ್ಕೆಂದು ಬಯಲು ಬಿಟ್ಟಿದ್ದಾರೆ.

ಆ ಬಯಲಿನಲ್ಲಿ ಅವಳು ತಾನು ಕಲಿತದ್ದನ್ನು ಬಚ್ಚಿಡಲಿಲ್ಲ. ಲಿಮರಿಕ್ಕಿನ ಉಚ್ಚಾರವನ್ನು ಲಂಡನ್ನಿನವರ ಕಿವಿಗಾಗಿ ತಿದ್ದಿಕೊಳ್ಳಲಿಲ್ಲ. ಎದೆಯ ದನಿಯಲ್ಲಿ ಸಾಗುತ್ತಿರುವಾಗಲೇ ತಟ್ಟನೆ ತಾರಕಕ್ಕೆ ಒಡೆದು, ಮತ್ತೆ ಕೆಳಗಿಳಿದು ಬರುವ ಅವಳ ಆ ತಿರುವನ್ನು ಕೇಳಿದಾಗಲೆಲ್ಲ, ಷಟ್ಪದಿಯ ಕೊನೆಯ ಅಕ್ಷರವನ್ನು ಎಳೆಯುವಾಗ ಭಾವ ಮುರಿಯಬಾರದೆಂದು ನೀವು ಪುಟ್ಟಿಯನ್ನು ಗದರುತ್ತಿದ್ದದ್ದು ನೆನಪಾಗುತ್ತದೆ. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಾರಿಂಗ್‌ಟನ್ನಿನಲ್ಲಿ ಐ.ಆರ್.ಎ. ಎಂಬ ಐರಿಷ್ ಸಶಸ್ತ್ರ ಸಂಘಟನೆ ಇಟ್ಟ ಬಾಂಬಿಗೆ ಮೂರು ಮತ್ತು ಹನ್ನೆರಡು ವರ್ಷದ ಇಬ್ಬರು ಬಾಲಕರು ಬಲಿಯಾದಾಗ ಅವಳು ‘ಜಾಂಬಿ’ ಎಂಬ ಹಾಡನ್ನು ಬರೆದಳು. ಅದು 1994ರಲ್ಲಿ ಬಂತು. ಅದರಲ್ಲಿ ಗಿಟಾರ್ ನಿಜವಾಗಿಯೂ ಅಬ್ಬರಿಸುತ್ತದೆ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೂ ಅವಳು ಆ ಒಂದೇ ಪದವನ್ನು ಚೂರುಚೂರಾಗಿ ಒಡೆದು ಕೂಗುವಲ್ಲಿ, ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದ ಈ ನಾಡಿನ ಹಳೆಯ ಪದ್ಧತಿಯೇ ನನಗೆ ಕೇಳಿಸುತ್ತದೆ.

ಮತ್ತೊಂದು ಸಂಗತಿಯನ್ನು ಅಮ್ಮನಿಗೂ ಓದಿ ಹೇಳಿ. ಮೊದಮೊದಲು ಡೊಲೊರೆಸ್‌ಗೆ ಎಷ್ಟು ಸಂಕೋಚವೆಂದರೆ, ವೇದಿಕೆಯ ಮೇಲೆ ಜನರಿಗೆ ಬೆನ್ನು ಮಾಡಿ ಹಾಡುತ್ತಿದ್ದಳು. ನಮ್ಮ ಪುಟ್ಟಿಯೂ ಭಜನೆಯಲ್ಲಿ ಕಂಬದ ಕಡೆಗೆ ಮುಖ ತಿರುಗಿಸಿಕೊಂಡು ಹಾಡಿದವಳಲ್ಲವೇ? ಅವಳೇ ಈಗ ಮೈಕಿನ ಮುಂದೆ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ.

‘ಲಿಂಗರ್’ ಹಾಡನ್ನು ನಿಮಗೆ ಕೇಳಿಸಬೇಕೆಂದು ಅವಳಿಗೆ ಹೇಳಿದ್ದೇನೆ. ರಾತ್ರಿ ಅಡಿಕೆ ಸುಲಿಯುವವರೆಲ್ಲ ಹೋದ ಮೇಲೆ, ಜಗಲಿಯಲ್ಲಿ ಕುಳಿತು ಒಮ್ಮೆ ಪೂರ್ತಿಯಾಗಿ ಕೇಳಿ. ಕಂಠ ಎಲ್ಲಿ ಕೆಟ್ಟಿದೆ ಎನಿಸಿತೋ ಆ ಜಾಗವನ್ನು ಗುರುತು ಹಾಕಿ ನನಗೆ ಬರೆಯಿರಿ. ಆ ಹಾಡನ್ನು ಹಾಕಿಕೊಡು ಎಂದು ಕೇಳುವುದಕ್ಕಾದರೂ ನೀವು ಪುಟ್ಟಿಯೊಡನೆ ಮಾತನಾಡಲೇಬೇಕಾಗುತ್ತದೆ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಹಿರಿಯ ಮಗಳು